ಬರ್ಚ್ ಮರದ ಬನ್ನಿ

ಅಕ್ಟೋಬರಿನ ಕೊನೆಯ ಭಾನುವಾರ ಈ ಡಚ್ಚರ ದೇಶದಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಮೂರಾಗಬೇಕಾದ ಹೊತ್ತಿಗೆ ಮತ್ತೆ ಎರಡಾಗುತ್ತದೆ. ಕೊರೊನಾ ಬಂದ ಮೊದಲ ವರ್ಷವೂ ಹಾಗೆಯೇ ಆಯಿತು, ಆ ರಾತ್ರಿ ಎರಡು ಗಂಟೆ ಎರಡು ಸಲ ಬಂತು. ಮೊದಲನೆಯ ಎರಡು ಗಂಟೆಗೆ, ಊರಲ್ಲಿ ಆಗ ಬೆಳಗಿನ ಜಾವ ಐದೂವರೆ, ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ದಿವಾಕರ ತೀರಿಹೋದ. ಎರಡನೆಯ ಎರಡು ಗಂಟೆಗೆ ಯುಟ್ರೆಕ್ಟಿನ ಮನೆಯಲ್ಲಿ ಅವನ ತಂಗಿ ವಾಸಂತಿ ನಿದ್ದೆಗಣ್ಣಲ್ಲೇ ಎದ್ದು, ಅಣ್ಣನಿಗಾಗಿ ಹಚ್ಚಿಟ್ಟ ನಂದಾದೀಪಕ್ಕೆ ಎಣ್ಣೆ ಹಾಕಿ ಬಂದು ಮಲಗಿದಳು.

ಸುದ್ದಿ ಬಂದದ್ದು ಬೆಳಿಗ್ಗೆ ಆರಕ್ಕೆ, ವಾಸಂತಿಯ ಗಂಡ ಅನಂತರಾಮನ ಫೋನಿಗೆ. ಮಾತಾಡಿದವನು ದಿವಾಕರನ ಮಗ ಅರವಿಂದ.

"ಮಾಮಾ, ಅಪ್ಪ ಹೋದ್ರು," ಎಂದ. ಅತ್ತೂ ಅತ್ತೂ ಒಣಗಿದ ದನಿ. "ಬಾಡಿ ನಮ್ಮ ಕೈಗೆ ಕೊಡಂಗಿಲ್ಲಂತ. ಎಲ್ಲಾ ಅವರೇ ಮುಗಸ್ತಾರಂತ. ಅತ್ಯಾಗ ಈಗ್ಲೇ ಹೇಳಬ್ಯಾಡ್ರಿ. ಅವರ ದೀಪ ಇವತ್ತ ಮುಗೀತದಲ್ಲಾ? ಮುಗದ ಮ್ಯಾಲೆ ಹೇಳ್ರಿ."

ಅನಂತರಾಮ ಸ್ನಾನದ ಮನೆಯ ಬಾಗಿಲು ಹಾಕಿಕೊಂಡು, ಪೈಜಾಮ, ಸ್ವೆಟರು ಮೈಮೇಲಿದ್ದ ಹಾಗೆಯೇ ಶವರಿನ ಕೆಳಗೆ ನಿಂತ. ಸಾವಿನ ಸುದ್ದಿ ಕೇಳಿದವನು ಉಟ್ಟ ಬಟ್ಟೆಯಲ್ಲೇ ತಲೆಗೆ ನೀರು ಹಾಕಿಕೊಳ್ಳಬೇಕು. ನಂಜನಗೂಡಿನಲ್ಲಿ ಅವನ ತಾತ ಹಾಗೆ ಮಾಡಿದ್ದನ್ನು ಕಂಡಿದ್ದ, ಅಪ್ಪ ಮಾಡಿದ್ದನ್ನೂ ಕಂಡಿದ್ದ. ತೊಯ್ದ ಬಟ್ಟೆಯನ್ನು ಹಿಂಡಿ ವಾಷಿಂಗ್ ಮಷೀನಿನೊಳಕ್ಕೆ ತುರುಕಿ ಮುಚ್ಚಳ ಹಾಕಿದ.

ಸೂತಕದ ರೀತಿಯೇ ಹಾಗೆ. ಅದು ಸಾವು ಆದಾಗ ಅಂಟುವುದಿಲ್ಲ, ಕೇಳಿದಾಗ ಅಂಟುತ್ತದೆ. ಕೇಳುವವರೆಗೂ ದೂರದ ಮನೆಯಲ್ಲಿ ಹಬ್ಬ ಹಬ್ಬವೇ, ದೀಪ ದೀಪವೇ. ಕೇಳಿದ ಮರುಗಳಿಗೆಯಿಂದ ಆ ಕಿವಿಯವರು ದೇವರ ಹತ್ತಿರ ಹೋಗುವ ಹಾಗಿಲ್ಲ, ಮಡಿಯಲ್ಲಿದ್ದವರನ್ನು ಮುಟ್ಟುವ ಹಾಗಿಲ್ಲ. ಅಣ್ಣ ಆಸ್ಪತ್ರೆ ಸೇರಿದ ಮೂರನೆಯ ದಿನ ನವರಾತ್ರಿ ಶುರುವಾಗಿತ್ತು. ಅವನು ಎದ್ದು ಬರಲಿ ಎಂದು ವಾಸಂತಿ ಸಂಕಲ್ಪ ಮಾಡಿ, ನೀರು ತುಂಬಿದ ಸ್ಟೀಲಿನ ಪರಾತದ ನಡುವೆ ದೀಪ ಇಟ್ಟಿದ್ದಳು. ಬೆಂಕಿಯ ಅಲಾರ್ಮ್ ಹೊಡೆದುಕೊಳ್ಳದಿರಲೆಂದು ಪಕ್ಕದ ಕಿಟಕಿ ಒಂಬತ್ತು ದಿನವೂ ಸ್ವಲ್ಪ ತೆರೆದೇ ಇತ್ತು. ಊರಿನಲ್ಲಿ ಹಬ್ಬ ನಾಳೆ. ಇಲ್ಲಿಯ ಸೂರ್ಯೋದಯದ ಪ್ರಕಾರ ದಶಮಿ ಇವತ್ತೇ. ಸಂಜೆ ಮಂಗಳಾರತಿಯಾದರೆ ಮುಗಿಯಿತು. ಅದಕ್ಕೆ ಮುಂಚೆ ಅವಳ ಕಿವಿಗೆ ಸುದ್ದಿ ಬಿದ್ದರೆ ದೀಪ ಅರ್ಧಕ್ಕೆ ನಿಂತಂತೆ. ಅಣ್ಣನೂ ಇಲ್ಲ, ಅಣ್ಣನಿಗಾಗಿ ಹೊತ್ತದ್ದೂ ಪೂರೈಸಲಿಲ್ಲ ಎಂದಾದರೆ ಅವಳು ಏನು ಹಿಡಿದುಕೊಂಡು ಕೂರಬೇಕು? ಅನಂತರಾಮ ಅಷ್ಟನ್ನೇ ಯೋಚಿಸಿದ. ಸಂಜೆಯವರೆಗೆ ಬಾಯಿ ಮುಚ್ಚಿಕೊಂಡಿರಬೇಕು, ಅವಳನ್ನು ಮುಟ್ಟಬಾರದು, ಅವಳ ಫೋನು ಅವಳ ಕೈಗೆ ಸಿಗಬಾರದು.

ಫೋನೇ ದೊಡ್ಡ ಭಯ. ವಾಸಂತಿಯ ತವರು ಗದಗಿನ ನೆಂಟರ ವಾಟ್ಸಾಪ್ ಗುಂಪಿನಲ್ಲಿ ಅರವತ್ತು ಜನ. ಅವಳು ಏಳುವ ಮೊದಲೇ ಅವಳ ಫೋನನ್ನು ಅಕ್ಕಿ ಡಬ್ಬಿಯ ಹಿಂದೆ ಇಟ್ಟ. ಕಳ್ಳತನ ಮಾಡಿದ ಕೈ ಎಂದು ಆ ಕೈಯನ್ನು ಎರಡು ಸಲ ತೊಳೆದ.

ಮಗಳು ಹಿತಾಗೆ ಹನ್ನೊಂದು ವರ್ಷ. ಶಾಲೆಯ ರಜೆಯ ಕೊನೆಯ ದಿನ ಎಲ್ಲಾದರೂ ಕರೆದುಕೊಂಡು ಹೋಗಬೇಕೆಂದು ವಾರದಿಂದ ಹಠ ಹಿಡಿದಿದ್ದಳು. ಟೀಚರು ಐದು ಥರದ ಎಲೆ ತರಲು ಹೇಳಿದ್ದರು. ಅನಂತರಾಮನಿಗೆ ಇದೇ ದಾರಿ ಕಂಡಿತು. ಮನೆಯಲ್ಲಿ ಕೂತರೆ ಬಾಯಿ ತಪ್ಪುತ್ತದೆ, ಕಾಡಿನಲ್ಲಿ ನಡೆಯುತ್ತಿದ್ದರೆ ಹೊತ್ತು ಹೋಗುತ್ತದೆ.

ಎಂಟು ಗಂಟೆಗೆ ದೇವರ ಮೂಲೆಯಿಂದ ಗಂಟೆಯ ಸದ್ದು ಕೇಳಿತು. ಅವನು ಆ ಕಡೆ ತಲೆಯನ್ನೂ ಹಾಕಲಿಲ್ಲ. ಅಡುಗೆಮನೆಯ ಹೊಸ್ತಿಲಲ್ಲೇ ನಿಂತು, "ಇವತ್ತು ಡ್ರಿಬರ್ಗನ್ ಕಾಡಿಗೆ ಹೋಗಿ ಬರೋಣ್ವಾ? ಮಧ್ಯಾಹ್ನಕ್ಕೆ ವಾಪಸ್," ಎಂದ.

ವಾಸಂತಿ ಚಪಾತಿ ಸುತ್ತುತ್ತಿದ್ದಳು. "ಡ್ರಿಬರ್ಗನ್ ಬ್ಯಾಡ. ರೇನನ್‌ಗೆ ಹೋಗೂಣು. ಹೋದ ವರ್ಷ ಹೋಗಿದ್ವಲ್ಲಾ. ಅಲ್ಲೆ ಗುಡ್ಡಾನೂ ಅದ, ಹೊಳೀನೂ ಅದ."

"ಅಷ್ಟು ದೂರ ಯಾಕೆ? ಸಂಜೆ ದೀಪ ಇದೆಯಲ್ಲ."

"ಬರತೇವಲ್ರೀ, ಅಲ್ಲೇ ಏನು ಮನಿ ಮಾಡತೇವೇನು?" ಎಂದವಳು ಮುಖ ಎತ್ತಲಿಲ್ಲ. "ನನ್ನ ಫೋನ್ ಕಾಣವಲ್ತು. ಇರಲಿ ಬಿಡ್ರಿ, ಒಂದಿನ ಅದಕ್ಕೂ ರಜಾ."

ಹಬ್ಬದ ದಿನ ಇಳಕಲ್ ಸೀರೆ ಬಿಟ್ಟರೆ ಬೇರೆ ಉಡದವಳು ಅವತ್ತು ಹಳೆಯ ಹತ್ತಿ ಚೂಡಿದಾರ ಹಾಕಿಕೊಂಡು, ಮೇಲೆ ಕೋಟು ತೊಟ್ಟು ಬಂದಳು. ಗುಡ್ಡ ಹತ್ತುವುದಕ್ಕೆ ಅನುಕೂಲವೆಂದಿರಬೇಕು ಅಂದುಕೊಂಡ ಅನಂತರಾಮ.

ರೈಲಿನಲ್ಲಿ ಎಲ್ಲರ ಮುಖಕ್ಕೂ ಮಾಸ್ಕು. ಐದು ತಿಂಗಳಿಂದ ಬೈದುಕೊಂಡೇ ಕಟ್ಟುತ್ತಿದ್ದ ಆ ಬಟ್ಟೆ ಅವತ್ತು ಅವನಿಗೆ ಉಪಕಾರ ಮಾಡಿತು, ಅರ್ಧ ಮುಖ ಮುಚ್ಚಿತು. ತಾಯಿ ಮಗಳು ಕೂತ ಕಡೆ ಕೂರದೆ, ನಡುದಾರಿ ದಾಟಿ ಆಚೆಯ ಸೀಟಿನಲ್ಲಿ ಕುಳಿತ.

"ಯಾಕ ಅಲ್ಲೆ ಕೂತ್ರಿ?"

"ಕಿಟಕಿ ಬೇಕಾಗಿತ್ತು."

"ಇಲ್ಲೂ ಕಿಟಕಿ ಅದ," ಎಂದು ವಾಸಂತಿ ತನ್ನ ಪಕ್ಕದ ಗಾಜಿನ ಮೇಲೆ ಬೆರಳಿಂದ ಎರಡು ಸಲ ಬಡಿದು ತೋರಿಸಿದಳು. ಮತ್ತೆ ಒತ್ತಾಯ ಮಾಡಲಿಲ್ಲ. ಅವಳ ತೊಡೆಯ ಮೇಲೆ ದೊಡ್ಡ ಚೀಲವೊಂದು ಕೂತಿತ್ತು. ಬೇರೆ ದಿನವಾಗಿದ್ದರೆ ಮನೆಯ ಬಾಗಿಲಲ್ಲೇ ಅದನ್ನು ಅವನು ಹೆಗಲಿಗೆ ಏರಿಸಿಕೊಳ್ಳುತ್ತಿದ್ದ. ಇವತ್ತು ಕೊಡು ಎನ್ನಲಿಲ್ಲ, ಅವಳೂ ಕೊಡಲು ಬರಲಿಲ್ಲ.

"ಅಮ್ಮಾ, ಏನಿದೆ ಇದ್ರಲ್ಲಿ? ಇಷ್ಟು ಹೆವಿ," ಎಂದಳು ಹಿತಾ.

"ಬುತ್ತಿ."

"ಮೂರೇ ಜನಕ್ಕೆ?"

"ನಿಮ್ಮಪ್ಪ ಉಣ್ಣೂದು ನೋಡಿಲ್ಲೇನು?"

ಅನಂತರಾಮ ನಗಬೇಕಾಗಿತ್ತು. ಕಣ್ಣನ್ನು ಕಿರಿದು ಮಾಡಿ ಮಾಸ್ಕಿನ ಮೇಲಿಂದ ನಕ್ಕ ಹಾಗೆ ತೋರಿಸಿದ. ಜೇಬಿನಲ್ಲಿ ಫೋನು ನಡುಗಿತು. ಕಿಟಕಿಯ ಕಡೆ ತಿರುಗಿ ನೋಡಿದರೆ ಯಾರೋ ದೂರದ ನೆಂಟರು. ವಾಸಂತಿಗೆ ಫೋನು ಹತ್ತುತ್ತಿಲ್ಲ, ಅವಳು ಹೇಗಿದ್ದಾಳೆ ಎಂದು ಕೇಳಿದ್ದರು. ಕಿಟಕಿಯ ಆಚೆ ಹೊಲ, ಕಾಲುವೆ, ಮತ್ತೆ ಹೊಲ. ಕಾಲುವೆಯ ದಂಡೆಯ ಮರಗಳೆಲ್ಲ ಹಳದಿಯಾಗಿದ್ದವು. ಅವು ಚಂದ ಎಂದು ಗೊತ್ತಾಗುತ್ತಿತ್ತು, ಆದರೆ ಮನಸ್ಸು ಅವುಗಳ ಮೇಲೆ ನಿಲ್ಲುತ್ತಿರಲಿಲ್ಲ.

ರೇನನ್ ಊರು ದಾಟಿದರೆ ಗ್ರೆಬ್ಬೆಬರ್ಗ್. ಬರ್ಗ್ ಎಂದರೆ ಬೆಟ್ಟ. ಸಮುದ್ರಮಟ್ಟದಿಂದ ಐವತ್ತು ಮೀಟರು ಎತ್ತರ. ನೆಲವೆಲ್ಲ ತಟ್ಟೆಯ ಹಾಗಿರುವ ದೇಶದಲ್ಲಿ ಅಷ್ಟಕ್ಕೇ ಬೆಟ್ಟದ ಮರ್ಯಾದೆ.

"ನಮ್ಮ ಕಪ್ಪತಗುಡ್ಡ ಇದನ್ನ ನೋಡಿದ್ರ ನಗತದ," ಎಂದು ವಾಸಂತಿ ಪ್ರತಿ ಸಲ ಹೇಳುವುದನ್ನೇ ಹೇಳಿದಳು. ಆದರೂ ಏರು ಏರೇ. ಬೀಚ್ ಮರಗಳ ನಡುವಿನ ದಾರಿಯಲ್ಲಿ ಎಲೆ ಮೊಣಕಾಲ ಕೆಳಗಿನವರೆಗೆ ಬಿದ್ದಿತ್ತು. ಮೇಲೆ ಉಳಿದ ಎಲೆಗಳು ಹುಣಸೆಹಣ್ಣು ಹಚ್ಚಿ ತಿಕ್ಕಿದ ತಾಮ್ರದ ಹಂಡೆಯ ಹಾಗೆ ಹೊಳೆಯುತ್ತಿದ್ದವು. ಬಿಸಿಲು ಎಲೆಯೊಳಗಿಂದ ಸೋಸಿ ಬಂದು ಎದುರು ಬರುವವರ ಮುಖಕ್ಕೂ ಆ ಬಣ್ಣ ಬಳಿಯುತ್ತಿತ್ತು. ಓಕ್ ಮರಗಳಲ್ಲಿ ಕೆಲವು ಇನ್ನೂ ಹಸಿರು, ಕೆಲವು ಕುಂಕುಮ ಚೆಲ್ಲಿದಂತೆ ಕೆಂಪು. ಗಾಳಿಯಿಲ್ಲದಿದ್ದರೂ ಎಲ್ಲೋ ಒಂದೊಂದು ಎಲೆ ತೊಟ್ಟು ಕಳಚಿಕೊಂಡು, ಯಾವ ಅವಸರವೂ ಇಲ್ಲದೆ ತಿರುಗುತ್ತ ಕೆಳಗೆ ಬರುತ್ತಿತ್ತು. ಕಾಲನಿಯಮ ಎಂದು ದೊಡ್ಡವರು ಇದನ್ನೇ ಅನ್ನುತ್ತಾರೆ. ಮರಕ್ಕೆ ಅದು ಗೊತ್ತು. ಅನಂತರಾಮನಿಗೂ ಗೊತ್ತಿತ್ತು, ಆದರೆ ಅವನ ಕಾಲಿಗೆ ಗೊತ್ತಿರಲಿಲ್ಲ. ಮುಂದೆ ಹತ್ತು ಹೆಜ್ಜೆ ಓಡುವುದು, ನಿಲ್ಲುವುದು, ಗಡಿಯಾರ ನೋಡುವುದು, ಹಿಂದೆ ಬಂದವರು ಹತ್ತಿರವಾದರೆ ಮತ್ತೆ ಓಡುವುದು. ಇದೇ ಆಯಿತು.

ಹಿತಾ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಅಪ್ಪಾ, ನೀನು ಅಮ್ಮಂಗೂ ಅಂಡರ್‌ಹಾಲ್ವಾ ಮೀಟರ್ ಇಡ್ತಿದೀಯ." ಒಂದೂವರೆ ಮೀಟರು ಎನ್ನುವುದನ್ನು ಅವಳು ಡಚ್ಚಿನಲ್ಲಿ ಬಿಟ್ಟು ಹೇಳುವುದಿಲ್ಲ. "ಒಂದೇ ಮನೆಯವರಿಗೆ ಅದು ಬೇಡ ಅಂತ ಟಿವಿಯಲ್ಲಿ ಹೇಳಿದಾರೆ."

"ಗಂಟಲು ಸ್ವಲ್ಪ ಕೆರೀತಿದೆ ಕಣೇ. ಯಾಕೆ ಸುಮ್ನೆ ಅಂತ."

"ಕೆರೀತಿದ್ರೆ ಟೆಸ್ಟ್ ಮಾಡಿಸ್ಬೇಕು. ಟ್ರೈನ್‌ಲಿ ಬರಲೇಬಾರದಿತ್ತು. ರೂಲ್ ಅದು."

"ನಿಮ್ಮಪ್ಪಗ ಯಾವ ರೂಲ್ ಎಲ್ಲೆ ಹಚ್ಚಬೇಕು ಅಂತ ಗೊತ್ತಾಗಂಗಿಲ್ಲ," ಎಂದಳು ವಾಸಂತಿ. ಅದರಲ್ಲಿ ಕೊಂಕಿತ್ತೋ ಕನಿಕರವಿತ್ತೋ ಅವನಿಗೆ ತಿಳಿಯಲಿಲ್ಲ.

ಒಂದು ಕೆಂಪು ಓಕಿನ ಕೆಳಗೆ ಹಿತಾ ತಾಯಿಯನ್ನು ನಿಲ್ಲಿಸಿದಳು. "ಅಪ್ಪಾ, ಫೋನ್ ಕೊಡು. ಅಮ್ಮನ ಫೋಟೋ ತೆಗೆದು ದಿವಾಕರ ಮಾಮಂಗೆ ಕಳಿಸೋಣ. ಹುಷಾರಾದ್ಮೇಲೆ ನೋಡ್ತಾರೆ."

ಅನಂತರಾಮನ ಕೈ ಜೇಬನ್ನು ಮೇಲಿಂದ ಗಟ್ಟಿಯಾಗಿ ಹಿಡಿಯಿತು. "ಚಾರ್ಜ್ ಇಲ್ಲ."

ಹೇಳಿ ಬಾಯಿ ಮುಚ್ಚುವಷ್ಟರಲ್ಲಿ ಜೇಬಿನೊಳಗೆ ಅದು ಗುಂಯ್‌ಗುಟ್ಟಿತು. ಹಿತಾ ಹುಬ್ಬು ಏರಿಸಿದಳು. "ಚಾರ್ಜ್ ಇಲ್ದೆ ವೈಬ್ರೇಟ್ ಆಗತ್ತಾ?"

"ಬಿಡು ಹಿತಾ," ಎಂದಳು ವಾಸಂತಿ, ಮರದ ಮೇಲಿಂದ ಕಣ್ಣು ತೆಗೆಯದೆ. "ಎಲ್ಲಾದರದೂ ಫೋಟೋ ಯಾಕ? ಕಣ್ಣಲೆ ನೋಡು."

ದಾರಿ ತಿರುಗಿದಲ್ಲಿ ಮರಗಳು ಸರಿದು ಬಯಲು ಬಂತು. ಬಯಲ ತುಂಬ ಸಾಲುಸಾಲಾಗಿ ಬಿಳಿಯ ಕಲ್ಲುಗಳು. ಎಂಬತ್ತು ವರ್ಷದ ಹಿಂದೆ ಈ ಗುಡ್ಡ ಕಾಯುತ್ತ ಸತ್ತ ಸೈನಿಕರವು. ಈ ದಾರಿಯಲ್ಲಿ ಅದು ಇದೆಯೆಂಬುದು ಅನಂತರಾಮನಿಗೆ ಮರೆತೇಹೋಗಿತ್ತು. "ಬನ್ನಿ ಬನ್ನಿ, ಈ ಕಡೆಯಿಂದ ಹೋಗೋಣ," ಎಂದು ಅವಸರ ಮಾಡಿದ. ವಾಸಂತಿ ನಿಂತೇ ಇದ್ದಳು.

"ಪಾಪ. ಇವರೆಲ್ಲಾರ ಮನೀಗೆ ಕಾಗದ ಯಾರು ಕೊಟ್ಟಿರಬೇಕು?"

"ಯಾವ ಕಾಗದ ಅಮ್ಮಾ?"

"ನಡಿ, ಉಣ್ಣೂ ಮುಂದ ಹೇಳತೀನಿ."

ಗುಡ್ಡದ ಅಂಚಿನಲ್ಲಿ ಹೊಳೆಯ ಕಡೆ ಮುಖ ಮಾಡಿದ ಒಂದು ಉದ್ದನೆಯ ಬೆಂಚಿತ್ತು. ಕೆಳಗೆ ರೈನ್ ಹೊಳೆ ಬೂದು ರೇಷ್ಮೆಯ ಹಾಗೆ ಹರಡಿತ್ತು. ಆಚೆಯ ದಡದ ಹುಲ್ಲುಗಾವಲಿನಲ್ಲಿ ದನ, ಅದರಾಚೆ ಚರ್ಚಿನ ಚೂಪು ಗೋಪುರ. ಅನಂತರಾಮ ಬೆಂಚಿನ ಈ ತುದಿಗೆ ಕುಳಿತ, ತಾಯಿ ಮಗಳು ಆ ತುದಿಗೆ. ವಾಸಂತಿ ಚಪಾತಿ, ಬದನೆಕಾಯಿ ಪಲ್ಯ, ಮೊಸರನ್ನ ಬಿಚ್ಚಿದಳು. ಸಣ್ಣ ಡಬ್ಬಿಯಲ್ಲಿ ರವೆ ಬೆಲ್ಲದ ಸಜ್ಜಕವೂ ಇತ್ತು. ಅದನ್ನು ಒಂದು ಚಮಚ ಹಿತಾಳ ಅಂಗೈಗೆ ಹಾಕಿ, ತಾನು ಕಣ್ಣಿಗೊತ್ತಿಕೊಂಡು ತಿಂದು, ಉಳಿದದ್ದನ್ನು ಮುಚ್ಚಳದ ಮೇಲಿಟ್ಟು ಬೆಂಚಿನುದ್ದಕ್ಕೂ ಅವನ ಕಡೆ ತಳ್ಳಿದಳು. ಕೈಗೆ ಕೊಡಲಿಲ್ಲ. ಅವನಿಗೆ ಅಷ್ಟರಮಟ್ಟಿಗೆ ಉಸಿರು ಹಗುರಾಯಿತು.

"ನಿಮ್ಮ ದಿವಾಕರ ಮಾಮಾ ಪೋಸ್ಟ್‌ಮ್ಯಾನ್ ಇದ್ದಾ ಅಂತ ನಿನಗ ಗೊತ್ತದಲ್ಲ," ಎಂದು ವಾಸಂತಿ ಶುರುಮಾಡಿದಳು. "ಆಗ ಫೋನ್ ಎಲ್ಲಾರ ಮನ್ಯಾಗ ಇರಲಿಲ್ಲ. ಯಾರರೆ ತೀರಿಕೊಂಡ್ರ ಕಾರ್ಡ್ ಬರೂದು. ಬಿಚ್ಚು ಕಾರ್ಡ್, ತಂದು ಕೊಡಾಂವಗ ಮೊದಲ ಗೊತ್ತಾಗಿಬಿಡೂದು. ಅಂಥಾ ಕಾರ್ಡ್ ಮನಿ ಒಳಗ ಒಯ್ಯೂ ಹಾಂಗಿಲ್ಲ. ಹೊರಗ ನಿಂತು ಓದಿ, ಹರದು ಒಗದು, ಮೈ ತೊಳಕೊಂಡು ಒಳಗ ಬರಬೇಕು. ಆಮ್ಯಾಲೆ ಯಾರು ಉಣ್ಣತಾರ? ಅದಕ್ಕ ಅಣ್ಣ ಏನು ಮಾಡ್ತಿದ್ದಾ, ಕಟ್ಟಿ ಮ್ಯಾಲೆ ಕೂತು, 'ಊಟ ಆತೇನ್ರಿ?' ಅಂತ ಕೇಳ್ತಿದ್ದಾ. ಆಗಿಲ್ಲಂದ್ರ, 'ಉಣ್ರಿ ಮೊದಲ, ನಾ ಇಲ್ಲೇ ಕೂತಿರ್ತೀನಿ.' ಅವರು ಉಂಡು ಕೈ ತೊಳದ ಮ್ಯಾಲೆ ಕಾಗದ ಕೊಡಾಂವ."

"ಅಷ್ಟೊತ್ತು ಸುಮ್ನೆ ಕೂತಿರ್ತಿದ್ರಾ?"

"ಸುಮ್ಮನ ಎಲ್ಲೆ? ಮಳಿ ಬೆಳಿ ಮಾತಾಡ್ತಿದ್ದಾ. ಒಳಗ ಮಾತ್ರ ಕುದೀತಿತ್ತಂತ. 'ವಾಸೂ, ಸುದ್ದಿ ಕೇಳೂದಕ್ಕಿಂತ ಹೊತಗೊಂಡು ಕೂಡೂದು ಭಾಳ ಭಾರ' ಅಂತಿದ್ದಾ."

ಅನಂತರಾಮ ಎತ್ತಿದ ತುತ್ತನ್ನು ಕೆಳಗಿಟ್ಟ. ನೀರು ಕುಡಿದ.

"ಆದ್ರ ಊರ ಮಂದಿಗೆ ತಿಳೀದ ಇರತದೇನು? ನಮ್ಮ ಓಣ್ಯಾಗ ಹಾಲಪ್ಪ ಅಂತಿದ್ದಾ. ಒಂದಿನ ಅಣ್ಣನ್ನ ತಡದು, 'ಏ ದಿವಾಕರಾ, ನೀ ಊಟ ಆತೇನು ಅಂದ್ರ ನನ್ನ ಹಸಿವೇ ಸತ್ತು ಹೋಗತದೋ. ಇನ್ನ ಮ್ಯಾಲೆ ನನ್ನ ಕೇಳಬ್ಯಾಡ' ಅಂದಾ."

ಹಿತಾ ನಕ್ಕಳು. "ಆಮೇಲೆ ನಿಲ್ಸಿದ್ರಾ?"

"ಎಲ್ಲೆ ನಿಲ್ಲಸ್ತಾನ? ಅವತ್ತಿಂದ ದಿನಾ ಎಲ್ಲಾರ್ನೂ ಕೇಳ್ಲಿಕ್ಕೆ ಹತ್ತಿದಾ. ಕಾಗದ ಇರ್ಲಿ, ಬಿಡ್ಲಿ. ಸಂತಿಗೆ ಹೊಂಟಾಂವಗೂ ಊಟ ಆತೇನು, ಸಾಲಿ ಹುಡುಗ್ರಿಗೂ ಊಟ ಆತೇನು. ಕಡೀಗೆ ಯಾವುದು ಖರೇ, ಯಾವುದು ಸುಮ್ಮನ ಅಂತ ಯಾರಿಗೂ ತಿಳೀಲಾರದಂಗ ಮಾಡಿಬಿಟ್ಟಾ."

ವಾಸಂತಿ ಅವತ್ತು ಸಾವಕಾಶವಾಗಿ, ಹೊಟ್ಟೆ ತುಂಬ ಉಂಡಳು. ಮೊಸರನ್ನದ ಕೊನೆಯ ಅಗುಳನ್ನೂ ಬಿಡದೆ ಡಬ್ಬಿಯನ್ನು ಬೆರಳಲ್ಲಿ ಬಳಿದಳು. ಅಣ್ಣ ಆಸ್ಪತ್ರೆ ಸೇರಿದ ಮೇಲೆ ಅವಳು ಇಷ್ಟು ಉಂಡದ್ದನ್ನು ಅವನು ನೋಡಿರಲಿಲ್ಲ. ಹಸಿವಿರಬೇಕು, ಗುಡ್ಡ ಹತ್ತಿದ್ದಾಳೆ ಎಂದುಕೊಂಡ. ತನ್ನ ಪಾಲಿನ ಚಪಾತಿಯನ್ನು ಅರ್ಧಕ್ಕೇ ಮಡಚಿಟ್ಟ. ಗಡಿಯಾರ ನೋಡಿದರೆ ಒಂದೂ ಕಾಲು. ಸಂಜೆ ಇನ್ನೂ ಎಲ್ಲೋ ಇತ್ತು, ಸಾಲದ್ದಕ್ಕೆ ಇವತ್ತು ಒಂದು ಗಂಟೆ ಹೆಚ್ಚಿಗೆ ಬೇರೆ.

ಇಳಿಜಾರಿನ ದಾರಿಯಲ್ಲಿ ಒಂದು ಬರ್ಚ್ ಮರ. ಬಿಳಿಯ ನಾರುಬಟ್ಟೆಯ ಹಾಗಿನ ತೊಗಟೆ, ರೆಂಬೆ ತುಂಬ ಬಂಗಾರದ ಪುಟ್ಟ ಎಲೆಗಳು. ಹಿತಾ ಅಲ್ಲಿಗೆ ಓಡಿದಳು. "ಬನ್ನಿ, ಬನ್ನಿ ಸಿಕ್ತು!"

ವಾಸಂತಿಯ ತವರಿನಲ್ಲಿ ದಶಮಿಯ ದಿನ ಬನ್ನಿ ಮರದ ಎಲೆಯನ್ನು ಬಂಗಾರವೆಂದು ಒಬ್ಬರಿಗೊಬ್ಬರು ಕೊಡುತ್ತಾರೆ. ಕಿರಿಯರು ಹಿರಿಯರ ಕೈಗೆ ಎಲೆಯಿಟ್ಟು ಕಾಲಿಗೆ ಬೀಳುತ್ತಾರೆ. ಮದುವೆಯಾಗಿ ಬಂದ ವರ್ಷದಿಂದಲೂ ದಿವಾಕರ ತಂಗಿಗೆ ಒಣಗಿಸಿದ ಬನ್ನಿ ಎಲೆಯನ್ನು ಲಕೋಟೆಯಲ್ಲಿ ಹಾಕಿ ಕಳಿಸುತ್ತಿದ್ದ. ಮೈಸೂರಿಗೆ ಕಳಿಸಿದ, ಆಮೇಲೆ ಇಲ್ಲಿಗೆ ಕಳಿಸಿದ. ಈ ವರ್ಷ ಊರಿನಿಂದ ಟಪಾಲು ಬರುವುದೇ ನಿಂತಿತ್ತು. ಆಸ್ಪತ್ರೆಗೆ ಹೋಗುವ ವಾರದ ಮುಂಚೆ ವಿಡಿಯೋದಲ್ಲಿ, "ಪೋಸ್ಟ್‌ಮ್ಯಾನ್‌ನ ತಂಗಿಗೇ ಪೋಸ್ಟ್ ಇಲ್ಲ ನೋಡು. ಅಲ್ಲೇ ಯಾವುದರೆ ಹಳದಿ ಎಲಿ ಹಿಡಕೋ, ನಾ ಕೊಟ್ಟೆ ಅಂತ ತಿಳಕೋ," ಎಂದು ನಕ್ಕಿದ್ದ, ನಡುವೆ ಕೆಮ್ಮಿದ್ದ.

ಹಿತಾ ಎರಡು ಬೊಗಸೆ ಎಲೆ ಆರಿಸಿ ತಂದು ತಾಯಿಯ ಕೈಗಿಟ್ಟು, ಕಲಿಸಿಕೊಟ್ಟ ಮಾತನ್ನು ತನ್ನ ಡಚ್ಚು ನಾಲಿಗೆಯಲ್ಲಿ ಹೇಳಿದಳು. "ಬನ್ನಿ ತೊಗೊಂಡು ಬಂಗಾರದ ಹಾಂಗ ಇರೂಣು." ಕಾಲಿಗೂ ಬಿದ್ದಳು. ವಾಸಂತಿ ಅವಳ ತಲೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ತೆಗೆಯಲಿಲ್ಲ.

"ಈಗ ಅಪ್ಪಂಗೆ."

"ನಂಗೆ ಸಂಜೆ ಕೊಡೇ. ಮನೇಲಿ, ದೀಪ ಆದ್ಮೇಲೆ."

"ಸಂಜೆ ಇದು ಬಾಡಿರತ್ತೆ. ಅಮ್ಮಾ, ನೀನೇ ಫಸ್ಟ್ ಕೊಡು ಅಪ್ಪಂಗೆ. ಇಲ್ಲಾಂದ್ರೆ ತಗೊಳಲ್ಲ." ಎನ್ನುತ್ತ ಹಿತಾ ತಾಯಿಯನ್ನು ಹಿಂದಿನಿಂದ ನೂಕಿಕೊಂಡು ಬಂದಳು.

ವಾಸಂತಿ ಕೈಯಲ್ಲಿ ಎಲೆ ಹಿಡಿದು ಎದುರು ನಿಂತಳು. ಸೂತಕದ ಮನುಷ್ಯನಿಗೆ ಬನ್ನಿ ಕೊಡುವುದಿಲ್ಲ, ಅವನು ತೆಗೆದುಕೊಳ್ಳುವುದೂ ಇಲ್ಲ, ನಮಸ್ಕಾರವನ್ನೂ ಮಾಡಿಸಿಕೊಳ್ಳುವುದಿಲ್ಲ. ಅನಂತರಾಮ ಒಂದು ಹೆಜ್ಜೆ ಹಿಂದಿಟ್ಟ. ಇನ್ನೊಂದಿಟ್ಟ. ಹಿಮ್ಮಡಿಯ ಕೆಳಗಿನ ಒದ್ದೆ ಎಲೆ ಜಾರಿ, ಇಳಿಜಾರಿನಲ್ಲಿ ಕುಕ್ಕರಬಡಿದು ಬಿದ್ದ. ವಾಸಂತಿಯ ಕೈ ತಾನಾಗಿಯೇ ಮುಂದೆ ಬಂತು.

"ಮುಟ್ಟಬೇಡ!"

ಮಾತು ಹೊರಗೆ ಬಂದಾದ ಮೇಲೆ ಅವನಿಗೇ ಕೇಳಿಸಿತು. ಹಿತಾ ತಾಯಿಯ ಬೆನ್ನಿನಿಂದ ಕೈ ತೆಗೆದಳು. ವಾಸಂತಿ ಕೈ ಹಿಂದಕ್ಕೆ ತೆಗೆದುಕೊಂಡಳು. ಎಲೆಯನ್ನು ಕೋಟಿನ ಜೇಬಿಗೆ ಹಾಕಿ, ಜೇಬನ್ನು ಮೇಲಿಂದ ಒಮ್ಮೆ ತಟ್ಟಿ, "ಏಳ್ರಿ. ಹೊಳೀಗೆ ಹೋಗೂಣು," ಎಂದಳು.

ಗುಡ್ಡದಿಂದ ಹೊಳೆಗೆ ಮಣ್ಣಿನ ಮೆಟ್ಟಿಲುಗಳಿದ್ದವು. ಅನಂತರಾಮ ಎಲ್ಲರ ಹಿಂದೆ ಇಳಿದ. ಅವಳಿಗೆ ಗೊತ್ತಾಯಿತೇ? ಗೊತ್ತಾಗಿದ್ದರೆ ಅಳುತ್ತಿರಲಿಲ್ಲವೇ? ಒಂದು ಮೆಟ್ಟಿಲಿಗೆ ಹೌದೆನಿಸುತ್ತಿತ್ತು, ಮುಂದಿನ ಮೆಟ್ಟಿಲಿಗೆ ಇಲ್ಲವೆನಿಸುತ್ತಿತ್ತು. ಕೆಳಗೆ ಹುಲ್ಲುಬಯಲಿನಲ್ಲಿ ಕಾಡುಕುದುರೆಗಳು ಮೇಯುತ್ತಿದ್ದವು. ವಾಸಂತಿ ಮಗಳನ್ನು ಅವುಗಳ ಕಡೆ ಕಳಿಸಿದಳು. "ದೂರ ನಿಂತು ನೋಡು. ನಾವು ಇಲ್ಲೇ ದಂಡಿ ಮ್ಯಾಲೆ ಇರ್ತೀವಿ, ಕಾಣಸ್ತೀವಿ."

ಕಲ್ಲುಕಟ್ಟೆಗಳೆರಡರ ನಡುವೆ ಸಣ್ಣ ಮರಳುದಂಡೆ. ವಾಸಂತಿ ಶೂ ಬಿಚ್ಚಿ ಕಾಲುಚೀಲವನ್ನು ಮಡಚಿ ಅದರೊಳಗಿಟ್ಟಳು. ಕೋಟು ಕಳಚಿದಳು. ಆಮೇಲೆ ಚೀಲದ ತಳದಿಂದ ದೊಡ್ಡ ಟವೆಲು, ಒಂದು ಜೊತೆ ಒಣ ಬಟ್ಟೆ, ಉಣ್ಣೆಯ ಶಾಲು ತೆಗೆದು ಕಲ್ಲಿನ ಮೇಲೆ ಸಾಲಾಗಿ ಇಟ್ಟಳು. ಅನಂತರಾಮ ಆ ಬಟ್ಟೆಗಳನ್ನೇ ನೋಡುತ್ತ ನಿಂತ.

"ನಿನಗೆ ಗೊತ್ತಿತ್ತಾ?"

"ವಾಷಿಂಗ್ ಮಷೀನ್‌ನ್ಯಾಗ ನಿಮ್ಮ ಸ್ವೆಟರಿನಿಂದ ನೀರು ಸೋರ್ತಿತ್ತು. ಒಗೀಲಿಕ್ಕೆ ಹಾಕೂ ಬಟ್ಟಿ ಮೊದಲೇ ಹಸಿ ಇರತಾವೇನ್ರೀ?" ಎಂದಳು. ದನಿ ಸಮವಾಗಿಯೇ ಇತ್ತು. "ಕಂಡಿದ್ದು ಬ್ಯಾರೆ, ಕೇಳಿದ್ದು ಬ್ಯಾರೆ. ನಾ ಇನ್ನೂ ಕೇಳಿಲ್ಲ."

"ಸಂಜೆ ದೀಪ ಆಗ್ಲಿ ಅಂತ ನಾನು..."

"ದೀಪ ಬೆಳಿಗ್ಗೆನೇ ಆಗೇದ. ದಶಮಿ ಆಗಲೇ ಹತ್ತಿತ್ತು. ಸ್ವೆಟರ್ ನೋಡಿದಾಕೀನೇ ಕೂತು ಪಾರಾಯಣ ಮುಗಿಸಿ, ನೈವೇದ್ಯ ಮಾಡಿ, ಮಂಗಳಾರತಿ ಮಾಡಿದೆ. ಈ ಮಂದಿ ಇವತ್ತ ಒಂದು ತಾಸು ಜಾಸ್ತಿ ಕೊಟ್ಟಾರಲ್ಲಾ, ಅದರಾಗ ಆತು. ನೀವು ಗಂಟಿ ಕೇಳಿರಬೇಕು. ಒಳಗ ಬಂದಿದ್ರ ನೋಡ್ತಿದ್ರಿ."

ಅವನು ಒಳಗೆ ಹೋಗಿರಲಿಲ್ಲ. ಹೋಗಬಾರದೆಂದೇ ಹೋಗಿರಲಿಲ್ಲ. ಇಡೀ ದಿನ ಅವನು ಕಾದದ್ದು ಆಗಲೇ ಮುಗಿದುಹೋದ ದೀಪವನ್ನು. ಸಜ್ಜಕ ನೈವೇದ್ಯದ್ದೆಂದು ಈಗ ಹೊಳೆಯಿತು.

"ನಿನ್ನ ಫೋನ್ ನಾನೇ..."

"ಅಕ್ಕಿ ಡಬ್ಬಿ ಹಿಂದ ಅದ. ಅಕ್ಕಿ ತೊಗೊಳ್ಳೂ ಮುಂದ ನೋಡಿದೆ. ಅಲ್ಲೇ ಬಿಟ್ಟೆ."

"ಹಾಗಿದ್ರೆ ಬೆಳಿಗ್ಗೆನೇ ಯಾಕೆ ಕೇಳ್ಲಿಲ್ಲ ವಾಸಂತಿ?"

ಅವಳು ಹೊಳೆಯ ಕಡೆ ನೋಡಿದಳು. ಹೊರೆ ತುಂಬಿದ ಉದ್ದನೆಯ ದೋಣಿಯೊಂದು ನೀರಿನಲ್ಲಿ ಅಂಚಿನವರೆಗೂ ಮುಳುಗಿ, ಮೆಲ್ಲಗೆ ಮೇಲಿನ ಕಡೆ ಹೋಗುತ್ತಿತ್ತು.

"ಮನ್ಯಾಗ ಕೇಳಿದ್ರ ಆ ಗಾಜಿನ ಡಬ್ಬಿ ಒಳಗ ಶವರಿನ ಕೆಳಗ ನಿಂದರಬೇಕಾಗಿತ್ತು. ಅವನ್ನ ಕಡೀಗೆ ಮುಟ್ಟಲಿಕ್ಕೆ ಮಗಗೂ ಕೊಟ್ಟಿರಂಗಿಲ್ಲ. ಒಂದು ಹೊಳಿ ನೀರರೆ ಬ್ಯಾಡೇನ್ರೀ?" ಮಗಳು ನಿಂತ ಕಡೆ ನೋಡಿ, "ಮತ್ತ, ಹಿತಾ ಒಂದೀಟು ಎಲಿ ಆರಿಸಿಕೊಳ್ಳಲಿ ಅಂತ," ಎಂದಳು.

ಆಮೇಲೆ ಮರಳಿನ ಮೇಲೆ ನೆಟ್ಟಗೆ ಕುಳಿತು, ಕೈಯನ್ನು ಮಡಿಲಲ್ಲಿ ಇಟ್ಟುಕೊಂಡಳು. ಗದಗಿನ ಯಾವುದೋ ಕಟ್ಟೆಯ ಮುಂದೆ, ಬಾಗಿಲಿಗೆ ಬಂದು ಕೂತ ಹೆಂಗಸಿನ ಹಾಗೆ.

"ಊಟ ಆಗೇದ," ಎಂದಳು. "ಈಗ ಕಾಗದ ಕೊಡ್ರಿ."

ಅನಂತರಾಮ ಎಂಟು ಗಂಟೆಗಳಿಂದ ಬಾಯೊಳಗೆ ಇಟ್ಟುಕೊಂಡಿದ್ದ ಮಾತು ಈಗ ಹುಡುಕಿದರೆ ಸಿಗಲಿಲ್ಲ. ಅವಳು ಕಾದಳು. ಅವಸರ ಮಾಡಲಿಲ್ಲ.

"ದಿವಾಕರ ತೀರ್ಕೊಂಡ್ರು, ವಾಸಂತಿ. ಅಲ್ಲಿ ಬೆಳಗಿನ ಜಾವ ಐದೂವರೆಗೆ. ಅರವಿಂದ ಫೋನ್ ಮಾಡಿದ್ದ."

ಅವಳು ಒಮ್ಮೆ ತಲೆಯಾಡಿಸಿದಳು, ವಿಳಾಸ ಸರಿಯಿದೆ ಎನ್ನುವ ಹಾಗೆ. ಎದ್ದು ನೀರಿನೊಳಕ್ಕೆ ನಡೆದಳು. ಮೀನಖಂಡ, ಮೊಣಕಾಲು. ಅದಕ್ಕಿಂತ ಮುಂದೆ ಸೆಳೆತವಿತ್ತು, ಅಲ್ಲೇ ಕುಳಿತಳು. ಮೂರು ಸಲ ಮುಳುಗಿದಳು. ಮೂರನೆಯ ಸಲ ಎದ್ದಾಗ ದೋಣಿಯ ಹಿಂದಿನಿಂದ ಬಂದ ತೆರೆ ಅವಳ ಬೆನ್ನಿಗೆ ಬಡಿಯಿತು. ಆಗ ಒಳಗಿನಿಂದ ಒಂದು ಸದ್ದು ಹೊರಟಿತು. ಅತ್ತದ್ದು ಹಾಗೆ ಶುರುವಾಯಿತು. ಹೊಳೆಯ ತುಂಬ, ದಡದ ಗಿಡಗಳ ತುಂಬ, ಆ ಗುಡ್ಡದ ಎಲ್ಲ ಬಣ್ಣಗಳ ಎದುರಿಗೆ ಅವಳು ಅಣ್ಣಾ ಎಂದು ಕೂಗಿ ಅತ್ತಳು. ಕುದುರೆಗಳು ತಲೆ ಎತ್ತಿ ನೋಡಿದವು. ಹಿತಾ ಓಡಿ ಬಂದಳು.

ದಡಕ್ಕೆ ಬರುವಾಗ ವಾಸಂತಿಯ ಕಾಲು ಕೆಸರಲ್ಲಿ ಹೂತುಕೊಂಡಿತು. ಚಳಿಗೆ ಹಲ್ಲು ಕಟಕಟ ಎನ್ನುತ್ತಿತ್ತು. ಅನಂತರಾಮ ಶೂ ಸಮೇತ ನೀರಿಗಿಳಿದು ಕೈ ಚಾಚಿದ. ಈಗ ಮುಟ್ಟಬಹುದಿತ್ತು, ಇಬ್ಬರದೂ ಒಂದೇ ಮೈಲಿಗೆ. ಅವಳು ಆ ಕೈಯನ್ನೊಮ್ಮೆ ನೋಡಿ, ಮಣಿಕಟ್ಟಿನ ಮೇಲಕ್ಕೆ ಗಟ್ಟಿಯಾಗಿ ಹಿಡಿದುಕೊಂಡಳು. ಹಿತಾ ಟವೆಲು ಹಿಡಿದು ನಿಂತಿದ್ದಳು. ಅವಳ ಇನ್ನೊಂದು ಮುಷ್ಟಿಯಲ್ಲಿ ಬರ್ಚ್ ಎಲೆಗಳು ಹಿಂಡಿಹೋಗಿದ್ದವು.

ಬಟ್ಟೆ ಬದಲಿಸಿ ಶಾಲು ಹೊದ್ದು ಕಲ್ಲಿನ ಮೇಲೆ ಕುಳಿತಾಗಲೂ ವಾಸಂತಿಯ ಮೈ ನಡುಗುತ್ತಿತ್ತು. ಅನಂತರಾಮನ ಜೇಬಿನಲ್ಲಿ ಮತ್ತೆ ಫೋನು ಗುಂಯ್‌ಗುಟ್ಟಿತು. ಈ ಸಲ ಅವನು ತಿರುಗಿ ನಿಲ್ಲಲಿಲ್ಲ. ತೆಗೆದು ನೋಡಿ ಅವಳ ಕೈಗೇ ಕೊಟ್ಟ.

"ಅರವಿಂದ," ಎಂದ.

ಅವಳು ಫೋನನ್ನು ಕಿವಿಗಿಟ್ಟುಕೊಂಡಳು. ಆ ಕಡೆಯ ಹುಡುಗ ಅತ್ಯಾ ಎಂದದ್ದು ಅನಂತರಾಮನಿಗೂ ಕೇಳಿಸಿತು. ವಾಸಂತಿ ಗಂಟಲು ಸರಿಮಾಡಿಕೊಂಡಳು.

"ಅರವಿಂದಾ," ಎಂದಳು. "ಊಟ ಆತೇನಪ್ಪಾ?"